ಮಾಷ್ಟ್ರ ಕಾರಿನ ಮುಂದಿನ ಚಕ್ರ

ಮೊನ್ನೆ ಫರಂಗಿಪೇಟೆಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಮುಂದಿನ ಚಕ್ರ ಕಳಚಿ ಕೂತಿದ್ದ ಡ್ರೈವರನ ಕೈಯಿಂದ ಗ್ರೀಸಿನ ವಾಸನೆ ಬಂತು ನೋಡಿ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಉಳಿದವರೆಲ್ಲ ತಡವಾಯಿತೆಂದು ಬೈಯುತ್ತಿದ್ದರು. ನಾನು ಮಾತ್ರ ಮೂಡಬಿದ್ರೆಯ ಒಂದು ಹಳೇ ಶೆಡ್ಡಿನೊಳಗೆ ನಿಂತಿದ್ದೆ...

ನಮ್ಮ ಪಕ್ಕದ ಮನೆಯ ಗಣಿತ ಮಾಷ್ಟ್ರದು ಆ ಶೆಡ್ಡು. ನಿವೃತ್ತರಾಗಿದ್ದರು. ಅವರ ಹಳೆಯ ಅಂಬಾಸಿಡರ್ ಕಾರಿಗೆ ಬೇರೆಯವರ ಕೈ ತಾಗಬಾರದು, ರಿಪೇರಿಯೂ ಅವರದೇ. ಅಬ್ಬಾ, ಏನು ಗತ್ತು! ಪ್ರತಿ ಆದಿತ್ಯವಾರ ಕಣ್ಣು ಕಾಣದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಳದಂಗಡಿಯ ತವರಿಗೆ ಕರೆದುಕೊಂಡು ಹೋಗುವುದು. ಇಲ್ಲಿ ಕೊಯ್ಲು ಆಗಿದೆ, ಅಲ್ಲಿ ಹೊಸ ಅಂಗಡಿ ಬಂದಿದೆ ಅಂತ ದಾರಿಯುದ್ದಕ್ಕೂ ಹೇಳುವುದು. ಆ ಅಮ್ಮ ಲೋಕ ನೋಡುತ್ತಿದ್ದದ್ದೇ ಆ ಸೀಟಿನಲ್ಲಿ ಕೂತು.

ಒಂದು ವರ್ಷ ಸ್ಟೇರಿಂಗ್ ನಡುಗಲು ಶುರುವಾಯಿತು. ಮುಂದಿನ ಚಕ್ರದ ಬೇರಿಂಗ್ ಲೂಸ್ ಉಂಟು ಎಂದರು ಮಾಷ್ಟ್ರು. ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ ನೋಡುವುದು. ಅಲುಗಿದರೆ, ಚಕ್ರ ತಿರುಗಿಸುತ್ತಾ ನಟ್ಟು ಬಿಗಿ ಮಾಡಿ, ಮತ್ತೆ ಒಂಚೂರು ಸಡಿಲ ಬಿಟ್ಟು, ನಟ್ಟು ಕಳಚದ ಹಾಗೆ ಪಿನ್ನು ಹಾಕುವುದು. ಆ ಒಂಚೂರು ಬಿಡದಿದ್ದರೆ ಬೇರಿಂಗ್ ಸುಟ್ಟೇ ಹೋಗುತ್ತದೆ ಅಂತ ನನಗೆ ಪಾಠ ಹೇಳಿದವರೂ ಅವರೇ. ಆದರೆ ಎಷ್ಟು ಬಿಗಿ ಮಾಡಿದರೂ ಅವರ ಕೈಗೆ ಚಕ್ರ ಅಲುಗುತ್ತಲೇ ಇತ್ತು. ಹಠಕ್ಕೆ ಬಿದ್ದು ಇನ್ನೂ ಬಿಗಿದರು. ಆ ಆದಿತ್ಯವಾರ ಅಳದಂಗಡಿ ದಾರಿಯಲ್ಲಿ ವೇಣೂರಿಗೆ ಮುಟ್ಟುವಾಗ ಚಕ್ರದಿಂದ ಹೊಗೆ ಬಂತಂತೆ.

ಹೊಸ ಬೇರಿಂಗ್ ಹಾಕಿದ ದಿನ ಬೇಲಿಯಾಚೆಯಿಂದ ನನ್ನನ್ನು ಕರೆದರು. ಬಟ್ಟೆ ಹೊಲಿಯುವ ನನ್ನ ಕೈಯ ಮೇಲೆ ಅವರಿಗೆ ಭಾರೀ ನಂಬಿಕೆ.

"ನೀನು ಹಿಡಿದು ನೋಡು ಮಾರಾಯ್ತಿ. ಅಲುಗುತ್ತದಾ?"

ಹಿಡಿದು ನೋಡಿದೆ. "ಇಲ್ಲ ಮಾಷ್ಟ್ರೇ, ಸರಿ ಉಂಟು."

"ಎಂಥ ಸರಿ!" ಎಂದು ರೇಗಿ, ನನ್ನ ಕೈಯ ಮೇಲೆಯೇ ತಮ್ಮ ಕೈ ಇಟ್ಟರು. ಚಕ್ರ ಕದಲಲಿಲ್ಲ. ಅವರ ಕೈಯ ನಡುಕಕ್ಕೆ ಕೆಳಗಿದ್ದ ನನ್ನ ಕೈಯೂ ಅಲುಗಿತು... ಅವರಿಗೂ ಗೊತ್ತಾಯಿತು. ಕೈ ತೆಗೆದು, ಬೇರೆ ಯಾರದೋ ಕೈ ಎಂಬ ಹಾಗೆ ಅದನ್ನೇ ನೋಡಿದರು. ಕೊನೆಗೆ ಪಿನ್ನು ಹಾಕಲು ನನಗೇ ಹೇಳಿದರು.

ಇದು ಗುಣವಾಗುವ ಕಾಯಿಲೆಯಲ್ಲ ಎಂದರು ಡಾಕ್ಟರು. ಮಾಷ್ಟ್ರು ಮತ್ತೆ ಕಾರು ಓಡಿಸಲಿಲ್ಲ. ಡ್ರೈವರನ್ನು ಕರೆಯುವ ಎಂದದ್ದಕ್ಕೆ ನನಗೆ ಸರಿಯಾಗಿ ಉಗಿದರು. ಆದಿತ್ಯವಾರ ಮಾತ್ರ ಗಂಡಹೆಂಡತಿ ಶೆಡ್ಡಿನಲ್ಲೇ ಕಾರು ಹತ್ತಿ ಕೂರುತ್ತಿದ್ದರು. ಇಂಜಿನ್ ಚಾಲು ಇಲ್ಲ. "ಈಗ ವೇಣೂರು ದಾಟಿತು... ಎಡಕ್ಕೆ ಗದ್ದೆ" ಎಂದು ಮಾಷ್ಟ್ರು ಹೇಳುವುದು, ಅಮ್ಮ ಹೂಂಗುಟ್ಟುವುದು. ಬೇಲಿಯ ಈಚೆ ನಾನು ಹೊಲಿಗೆ ಮೆಷಿನ್ ನಿಲ್ಲಿಸಿ ಅಳುತ್ತಿದ್ದೆ. ದೇವರ ಮೇಲೆ ಎಂಥ ಸಿಟ್ಟು ಬರುತ್ತಿತ್ತು! ಬರಬರುತ್ತಾ ಆ ಕಾಯಿಲೆಗೆ ಮಾಷ್ಟ್ರ ಮಾತೂ ನಿಂತಿತು. ಆಗ ದಾರಿ ಹೇಳತೊಡಗಿದವರು ಅಮ್ಮ.

ಮಾಷ್ಟ್ರು ಹೋದರು. ಹೆಚ್ಚು ಸಮಯ ಆಗಲಿಲ್ಲ, ಅಮ್ಮನೂ ಹೋದರು. ಗುಜರಿಯವರು ಕಾರನ್ನು ತಳ್ಳಿಕೊಂಡು ಹೋಗುವಾಗ ಗೇಟಿನ ಹತ್ತಿರ ನಿಂತಿದ್ದೆ. ಮುಂದಿನ ಚಕ್ರ ಒಂಚೂರೂ ಅಲುಗದೆ ನೆಟ್ಟಗೆ ಉರುಳಿತು. ನಾನು ಹಾಕಿದ ಪಿನ್ನು ಅದರೊಳಗೇ ಇತ್ತು.

ಫರಂಗಿಪೇಟೆಯಿಂದ ಬಸ್ಸು ಹೊರಟಿತು. ಕಿಟಕಿಯಾಚೆ ನೇತ್ರಾವತಿ ತುಂಬಿ ಹರಿಯುತ್ತಿತ್ತು. ಹೊಳೆ ತುಂಬಿದೆ ಎಂದು ಹೇಳಲು ಬಾಯಿ ತೆರೆದೆ... ಪಕ್ಕದ ಸೀಟು ಖಾಲಿ ಇತ್ತು.