ಮುಳುಗಿದ ಬಾವಿಯ ಗುರುತು

ಜಲಜಕ್ಕನಿಗೆ ಮೀನು ಹಿಡಿಯಲು ಬರುತ್ತದೆ ಎಂದಷ್ಟೇ ಹೇಳಿದರೆ ಅವಳಿಗೆ ಅವಮಾನ. ಬಲೆ ಬೀಸುವವರು ತುಮರಿಯ ಸುತ್ತ ಬೇಕಾದಷ್ಟು ಜನ ಇದ್ದಾರೆ. ಎತ್ತ ನೋಡಿದರೂ ಒಂದೇ ಥರ ಕಾಣುವ ತುಂಬಿದ ಹಿನ್ನೀರಿನಲ್ಲಿ, ತಳದಲ್ಲಿ ಮುಳುಗಿರುವ ಒಂದು ಬಾವಿಯ ನೆತ್ತಿಯ ಮೇಲೆಯೇ ತೆಪ್ಪ ತಂದು ನಿಲ್ಲಿಸುವವಳು ಅವಳೊಬ್ಬಳೇ.

ಬಾವಿ ಅವಳ ಗಂಡ ಸುಬ್ಬಣ್ಣನ ಹಳೇ ಮನೆಯದು. ಅಣೆಕಟ್ಟಿನ ನೀರು ಏರಿ ಬಂದಾಗ ಅವನಿನ್ನೂ ಚಿಕ್ಕ ಹುಡುಗ. ಈಗ ಅಲ್ಲಿ ಬಾಳೆಮೀನಿನ ವಾಸ. ಬಾಳೆ ಎಂದರೆ ಉದ್ದ ಮೀಸೆಯ, ಬಾಯಿ ತುಂಬ ಹಲ್ಲಿನ ದೊಡ್ಡ ಮೀನು. ಕಲ್ಲುಸಂದಿ ಕಂಡರೆ ಬಿಟ್ಟು ಕದಲುವುದಿಲ್ಲ. ನೀರು ಇಳಿದ ಒಂದು ಬೇಸಿಗೆಯಲ್ಲಿ ಬಾವಿಕಟ್ಟೆಯ ಅಂಚು ಮಾತ್ರ ಮೇಲೆ ಕಂಡಾಗ, ಜಲಜಕ್ಕ ಅಲ್ಲಿ ತೆಪ್ಪ ನಿಲ್ಲಿಸಿ ಎರಡು ಗುರುತು ಹಿಡಿದಿದ್ದಳು. ಒಂದು ಕಡೆ ಶಾಲೆಯ ಮಾಡು ಮತ್ತು ಅದರ ಹಿಂದಿನ ಬೂರುಗದ ಮರ ಒಂದೇ ಸಾಲಿಗೆ ಬರಬೇಕು. ಇನ್ನೊಂದು ಕಡೆ ದಡದ ಹೊನ್ನೆಮರದ ಹಿಂದೆ ಗುಡ್ಡದ ಬೋಳು ತಲೆ ಅಡಗಬೇಕು. ಎರಡೂ ಕೂಡಿದಲ್ಲಿ ಗಾಳ ಬಿಟ್ಟರೆ ಕೆಳಗೆ ಬಾವಿ.

ಈ ಮಳೆಗಾಲದ ಗಾಳಿಗೆ ಹೊನ್ನೆಮರ ಬುಡಸಮೇತ ಉರುಳಿತು. ಉಳಿದದ್ದು ಶಾಲೆ ಮತ್ತು ಬೂರುಗದ ಸಾಲು ಮಾತ್ರ. ಆ ಸಾಲಿನಲ್ಲಿ ಬಾವಿ ಎಲ್ಲಿದೆಯೋ ದೇವರೇ ಬಲ್ಲ. ಆಮೇಲೆ ಅವಳ ಗಾಳಕ್ಕೆ ಬಿದ್ದದ್ದೆಲ್ಲ ಬೆಕ್ಕಿಗೆ ಸರಿಹೋಗುವಂಥವು.

ಸುಬ್ಬಣ್ಣನಿಗೆ ಮಂಡಿನೋವು, ತೆಪ್ಪ ಹತ್ತುವುದನ್ನೇ ಬಿಟ್ಟಿದ್ದ. ಸೇತುವೆ ಆದ ಮೇಲೆ ಪ್ರವಾಸಿಗರು ಬರತೊಡಗಿದ್ದರು. ಅವರನ್ನು ನೀರಲ್ಲಿ ಸುತ್ತಾಡಿಸುವ ಗೌತಮ್ ತೆಪ್ಪವನ್ನು ಕ್ರಯಕ್ಕೆ ಕೇಳಿದಾಗ, ಸುಬ್ಬಣ್ಣ ಹೆಂಡತಿಯನ್ನು ಒಂದು ಮಾತೂ ಕೇಳದೆ ಒಪ್ಪಿಬಿಟ್ಟ. ಭಾನುವಾರ ಒಯ್ಯುವುದೆಂದು ಮಾತಾಯಿತು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಹಾಗೆ ಮಾಡು, ಹೀಗೆ ಮಾಡು ಎಂದು ಯಾರೂ ಹೇಳದ ಒಂದೇ ಒಂದು ಜಾಗ ಜಲಜಕ್ಕನಿಗೆ ಇದ್ದದ್ದು ಆ ತೆಪ್ಪದಲ್ಲಿ.

"ಭಾನುವಾರದವರೆಗೆ ತೆಪ್ಪ ನಂದೇ ತಾನೆ?" ಎಂದಳು ಅವಳು.

"ಇಟ್ಕಂಡು ಎಂತ ಮಾಡ್ತೀಯ? ಬಿದ್ದ ಮರ ಎದ್ದು ನಿಂತ್ಕತ್ತಾ?"

"ಮರ ಬಿದ್ರೆ ಬಾವಿ ಎಲ್ಲಿಗೆ ಹೋಗ್ತದೆ?"

ಶನಿವಾರ ಬೆಳಿಗ್ಗೆ ಹುಟ್ಟು ಹಾಕಲು ಗಂಡನನ್ನೇ ಕೂರಿಸಿದಳು. ಅವಳ ಎರಡೂ ಕೈ ದಾರಕ್ಕೆ ಬೇಕಿದ್ದವು. ಪಕ್ಕದ ಮನೆಯವಳೆಂಬ ತಪ್ಪಿಗೆ ನನ್ನ ಕೈಗೆ ಕೈಬಲೆ ಬಂತು. ನನಗೆ ಈಜು ಬಾರದು. ನನ್ನ ಪ್ರೀತಿಯೇನಿದ್ದರೂ ಮೀನಿನ ಸಾರಿನ ಮೇಲೆ.

ದಾರದ ತುದಿಗೆ ಸೀಸದ ಗುಂಡು. ಗುಂಡಿನ ತಳಕ್ಕೆ ಜೇನುಮೇಣ ಮೆತ್ತಿದ್ದಳು. ಶಾಲೆಯ ಸಾಲು ತಪ್ಪದಂತೆ ತೆಪ್ಪ ನಡೆಸುವುದು, ಗುಂಡು ತಳ ಮುಟ್ಟಿಸುವುದು, ಎತ್ತಿ ಮೇಣಕ್ಕೆ ಏನು ಅಂಟಿದೆ ನೋಡುವುದು. ಕಪ್ಪು ಕೆಸರು. ಮತ್ತೆ ಕೆಸರು. ಮರಳು. ಮತ್ತದೇ ಕೆಸರು. ಬಿಸಿಲು ನೆತ್ತಿಗೇರಿತು.

"ಸಾಕು ಮಾರಾಯ್ತಿ, ಹೋಗಾಣ," ಎಂದ ಸುಬ್ಬಣ್ಣ.

"ಇನ್ನೊಂಚೂರು ಮುಂದೆ ಬಿಡಿ," ಎಂದಳು. ಅದನ್ನೇ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

ಕೊನೆಗೊಮ್ಮೆ ಮೇಣಕ್ಕೆ ಕೆಂಪು ಪುಡಿ ಅಂಟಿ ಬಂತು. ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲಿನದು.

"ಗೋಡೆ. ನಿಮ್ಮನೆ ಗೋಡೆ ಇದು. ಬಾವಿ ಯಾವ ಕಡೆಗಿತ್ತು?"

ಹಳೇ ಮನೆಯ ಮಾತೆತ್ತಿದರೆ ನೆನಪಿಲ್ಲ ಎನ್ನುತ್ತಿದ್ದ ಮನುಷ್ಯ ಹುಟ್ಟು ನಿಲ್ಲಿಸಿದ. "ಅಡುಗೆಮನೆ ಬಾಗ್ಲಲ್ಲಿ ಕೂತ್ರೆ ಬೆಳಗಿನ ಬಿಸಿಲು ಮುಖಕ್ಕೆ ಹೊಡೀತಿತ್ತು. ಅಮ್ಮ ಆ ಬಿಸಿಲಲ್ಲೇ ನೀರು ಸೇದ್ತಿದ್ಲು."

ಯಾರೂ ಹೇಳದೆ ಅವನೇ ತೆಪ್ಪವನ್ನು ಪೂರ್ವಕ್ಕೆ ತಿರುಗಿಸಿದ. ಸ್ವಲ್ಪ ದೂರದಲ್ಲಿ ಗುಂಡು ಕಲ್ಲಿಗೆ ತಾಗಿತು. ಒಂದು ಮೊಳ ಸರಿಸಿ ಬಿಟ್ಟರೆ ಅದು ತಳ ಸಿಗದೆ ಇಳಿಯುತ್ತಲೇ ಹೋಯಿತು. ಜಲಜಕ್ಕ ದಾರವನ್ನು ಗಂಡನ ಕೈಗೆ ಕೊಟ್ಟಳು. ಅವನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಆಮೇಲೆ ನನ್ನೆದುರು ನಾಚಿಕೆಯಿಲ್ಲದೆ ಅತ್ತ.

ಅಳುವವನನ್ನು ಅಳಲು ಬಿಟ್ಟು ಅವಳು ಗಾಳ ಸಿದ್ಧ ಮಾಡಿದಳು. ಜೀವವಿರುವ ಸಣ್ಣ ಮೀನಿನ ಬೆನ್ನಿಗೆ, ರೆಕ್ಕೆಯ ಬುಡದಲ್ಲಿ, ಮೂಳೆಗೆ ತಾಗದಂತೆ ಕೊಕ್ಕೆ ಚುಚ್ಚಿದಳು. ಹಾಗೆ ಚುಚ್ಚಿದರೆ ಅದು ಸಾಯದೆ ಆಡುತ್ತಿರುತ್ತದೆ. ಬಾವಿಯ ಬಾಯಿಗಿಂತ ತುಸು ಮೇಲೆ ಅದನ್ನು ನಿಲ್ಲಿಸಿದಳು. ಬಹಳ ಹೊತ್ತಾದ ಮೇಲೆ ದಾರ ಸರ್ರನೆ ಓಡಿ ನಿಂತಿತು.

"ಎಳಿ ಜಲಜಕ್ಕ!" ಎಂದು ನಾನು ಕೂಗಿದೆ.

"ಬಾಯ್ಮುಚ್ಚು. ಅಡ್ಡ ಕಚ್ಚಿದೆ ಅಷ್ಟೆ, ಇನ್ನೂ ನುಂಗಿಲ್ಲ."

ದಾರ ಎರಡನೇ ಸಲ ಓಡಿದಾಗ ಎಳೆದಳು, ನೇರಕ್ಕಲ್ಲ, ಪಕ್ಕಕ್ಕೆ. ಇಲ್ಲದಿದ್ದರೆ ಮೀನು ಬಾವಿಯೊಳಗೆ ನುಗ್ಗಿ ಕಲ್ಲಿಗೆ ದಾರ ಉಜ್ಜಿ ಹರಿಯುತ್ತದಂತೆ. ಅದು ಎಳೆದಾಗ ಬಿಟ್ಟಳು, ದಣಿದಾಗ ಸುತ್ತಿದಳು. ಕೊನೆಗೆ ಕೈಬಲೆಗೆ ಬಿದ್ದ ಬಾಳೆಯ ಬಾಲ ಹೊರಗೇ ಉಳಿಯಿತು. ಬಲೆ ಕೈಬಿಡಲಿಲ್ಲ ಎಂಬುದೊಂದೇ ನನ್ನ ಸಾಧನೆ.

ಹೊರಡುವ ಮೊದಲು ಜಲಜಕ್ಕ ಹೊನ್ನೆಮರವಿದ್ದ ದಿಕ್ಕಿಗೆ ನೋಡುತ್ತ ನಿಂತಳು. ಗುಡ್ಡದ ಬೋಳು ತಲೆಯ ನೇರಕ್ಕೆ, ಈಚೆಗೆ, ಹೊಸ ಸೇತುವೆಯ ಒಂದು ಕಂಬವಿತ್ತು.

"ಇದು ಗಾಳಿಗೆ ಬೀಳಲ್ಲ," ಎಂದಳು.

ಭಾನುವಾರ ಗೌತಮ್ ಬಂದಾಗ ಸುಬ್ಬಣ್ಣ ತೆಪ್ಪ ಬೋರಲು ಹಾಕಿಕೊಂಡು ತಳಕ್ಕೆ ಡಾಂಬರು ಬಳಿಯುತ್ತಿದ್ದ.

"ತೆಪ್ಪ ಕೊಡಲ್ಲ ಕಣೋ. ಬೇಜಾರು ಮಾಡ್ಕಬೇಡ."

"ಮಂಡಿನೋವು ಅಂತಿದ್ರಲ್ಲ ಸುಬ್ಬಣ್ಣ? ಇಟ್ಕಂಡು ಎಂತ ಮಾಡ್ತೀರಿ?"

ಸುಬ್ಬಣ್ಣ ಡಾಂಬರಿನಿಂದ ತಲೆ ಎತ್ತಲಿಲ್ಲ. "ನಮ್ಮನೆ ಬಾವಿಗೆ ಹೋಗಿ ಬರಕ್ಕೆ ಬೇಕು," ಎಂದ.