ಡಬ್ಬಿಯ ಮೇಲಿನ ತಲೆಕಟ್ಟು

ನನ್ನ ಮದುವೆಗೆ ತವರಿನವರು ಕೊಟ್ಟ ಸ್ಟೀಲ್ ಪಾತ್ರೆಗಳ ಮೇಲೆಲ್ಲ ನನ್ನ ಹೆಸರು ಕೊರೆಸಿದ್ದರು. ಬಿಜಾಪುರದ ಪಾತ್ರೆ ಅಂಗಡಿಯಾತ ಕರ್ರೆನ್ನುವ ಮಷೀನು ಹಿಡಿದು ಲೋಟದಿಂದ ಕೊಡದವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ಹೆಸರಿನ ಹುಚ್ಚು ನನಗೆ ಅಲ್ಲಿಂದ ಹತ್ತಿತೋ, ಹುಟ್ಟಿನಿಂದಲೇ ಇತ್ತೋ ಹೇಳಲಾರೆ. ಯಾರಾದರೂ ಒಂದು ಒಳ್ಳೆಯ ಮಾತಾಡಿದರೆ ಸಾಕು, ಪೂರಿಯಂತೆ ಉಬ್ಬುತ್ತಿದ್ದೆ.

ಆ ಪಾತ್ರೆಗಳ ಜೊತೆ ನಾನು ಪುಣೆಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಅಲ್ಲಿನ ಕ್ಯಾಂಪ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ. ಆ ಮಹಡಿಯಲ್ಲಿ ಎರಡೇ ಮನೆ. ಒಂದರಲ್ಲಿ ನಾನು, ಗಂಡ, ಅತ್ತೆ. ಎದುರಿನದರಲ್ಲಿ ಒಂಟಿ ಮುದುಕಿ, ಎಲ್ಲರ ಬಾಯಲ್ಲೂ ಖಾಲಾ, ಅಂದರೆ ಚಿಕ್ಕಮ್ಮ. ಬೆಳಗಾವಿ ಕಡೆಯವರು, ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಕಲಿತವರು. ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲವರು ನಾವೆರಡು ಮನೆಯವರಷ್ಟೇ. ಹೀಗಾಗಿ ಉಳಿದವರ ಚಾಡಿಯನ್ನು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿಯೇ ಆಡಿಕೊಳ್ಳುತ್ತಿದ್ದೆವು.

ಖಾಲಾ ಸೀರೆಗೆ ಫಾಲ್ ಹಚ್ಚಿ ಬದುಕುತ್ತಿದ್ದರು. ಕಣ್ಣಿನ ಆಪರೇಷನ್ ಕೆಟ್ಟು ನೋಟ ಮಂಜಾದ ಮೇಲೆ ಸೂಜಿ ಕೆಳಗಿಟ್ಟರು. ಯಾರೇನು ಕೊಡಹೋದರೂ ಒಂದೇ ಮಾತು: “ನಮ್ಮನ್ಯಾಗ ಅದ ಬಿಡವ್ವಾ.”

ಆ ವರ್ಷ ರಂಜಾನ್ ಥಂಡಿಯಲ್ಲಿ ಬಂದಿತ್ತು. ಒಂದು ಸಂಜೆ ಕೊತ್ತಂಬರಿ ಕೇಳಲು ಹೋದವಳು ಅವರ ಬಾಗಿಲಲ್ಲೇ ನಿಂತುಬಿಟ್ಟೆ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುತ್ತಿತ್ತು. ಖಾಲಾ ಅರ್ಧ ಖರ್ಜೂರ ಬಾಯಿಗಿಟ್ಟು, ಮೇಲೆ ಒಂದು ಲೋಟ ನೀರು ಕುಡಿದು ದಿನದ ಉಪವಾಸದ ರೋಜಾ ಬಿಟ್ಟರು. ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ನಾಳೆಗೆ ತೆಗೆದಿಟ್ಟರು. ಒಲೆ ತಣ್ಣಗಿತ್ತು. ಸದ್ದಿಲ್ಲದೆ ಹಿಂದಿರುಗಿದೆ.

ಮರುದಿನದಿಂದ ನನ್ನ ಗುಪ್ತ ಕೆಲಸ ಶುರುವಾಯಿತು. ಬಾಂಗಿಗೆ ಮುಂಚೆ ಒಂದು ಡಬ್ಬಿಯಲ್ಲಿ ರೊಟ್ಟಿ, ಉಸುಳಿ, ಎರಡು ಭಜಿ ಹಾಕಿ ಅವರ ಹೊಸ್ತಿಲಲ್ಲಿಟ್ಟು, ಬಾಗಿಲು ಬಡಿದು ಓಡಿಬರುತ್ತಿದ್ದೆ. ಬೆಳಿಗ್ಗೆ ಫಳಫಳ ತೊಳೆದ ಡಬ್ಬಿ ಅದೇ ಹೊಸ್ತಿಲ ಮೇಲೆ ಇರುತ್ತಿತ್ತು. ಯಾರಿಗೂ ಗೊತ್ತಿಲ್ಲ, ಅಲ್ಲಾಹನಿಗೆ ಮಾತ್ರ ಗೊತ್ತು ಎಂದು ಎಷ್ಟು ಜಂಬಪಟ್ಟೆನೆಂದರೆ, ನಾಲ್ಕನೆಯ ದಿನ ಅತ್ತೆಗೆ ಹೇಳಿಯೇಬಿಟ್ಟೆ.

ಅತ್ತೆ ತಸ್ಬಿಯ ಜಪಮಣಿ ಎಣಿಸುವುದನ್ನು ನಿಲ್ಲಿಸಿದರು. “ನನಗ್ಯಾಕ ಹೇಳಿದಿ? ನಿಯ್ಯತ್ ನೋಡ್ಕೋ ನಿಂದು.”

ಕನ್ನಡದಲ್ಲಿ ನಿಯತ್ತು ಎಂದರೆ ನಾಯಿಗಿರುವ ಗುಣ. ಅತ್ತೆಯ ನಿಯ್ಯತ್ತು ಬೇರೆ: ಮಾಡುವ ಕೆಲಸದ ಹಿಂದೆ ಮನಸ್ಸು ಯಾರ ಕಡೆ ನೋಡುತ್ತಿದೆ ಅನ್ನುವುದು. ಶಾಭಾಷ್ ಅನ್ನುತ್ತಾರೆಂದು ಹೋದವಳಿಗೆ ಇದು! ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ.

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಚೆನ್ನಾಗಿತ್ತು. ಮೂರನೆಯ ವಾರ ಕೆಳಗಿನ ಮನೆಯಲ್ಲಿ ಹೆಂಗಸರೆಲ್ಲ ಕುರ್‌ಆನ್ ಓದಲು ಸೇರಿದ್ದೆವು. ಓದು ಮುಗಿದ ಮೇಲೆ ಒಬ್ಬಾಕೆ ಮಸೀದಿಗೆ ಚಾಪೆ ಕೊಟ್ಟದ್ದನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನನ್ನ ಬಾಯಿ ತುರಿಸಿತು. “ಚಾಪೆಯೇನು ಮಹಾ! ನಮ್ಮ ಮಹಡಿಯಲ್ಲೇ ರೋಜಾ ಬಿಡಲು ತುತ್ತಿಲ್ಲದವರಿದ್ದಾರೆ. ದಿನಾ ಯಾರು ಮುಟ್ಟಿಸುತ್ತಾರೋ, ಆ ಅಲ್ಲಾಹನೇ ಬಲ್ಲ,” ಎಂದು ಹಿಂದಿಯಲ್ಲಿ ಹೇಳಿ ತಲೆ ತಗ್ಗಿಸಿ ನಕ್ಕೆ. ಇರುವುದೇ ಎರಡು ಮನೆ. ಯಾರು ಹಸಿದವರು, ಯಾರು ದಾನಿ ಎಂದು ಬಿಡಿಸಿ ಹೇಳಬೇಕೇ?

ಮರುದಿನ ಮಧ್ಯಾಹ್ನ ಇಬ್ಬರು ಹೆಂಗಸರು ಖಾಲಾ ಬಾಗಿಲಲ್ಲಿ ಅಕ್ಕಿಯ ತಟ್ಟೆ ಹಿಡಿದು “ಅಯ್ಯೋ ಪಾಪ” ಎಂದು ನಿಂತಿದ್ದರು. ಬಾಗಿಲು ತೆರೆಯಲಿಲ್ಲ. ಅಂದು ಸಂಜೆ ನಾನಿಟ್ಟ ಡಬ್ಬಿ ಬೆಳಿಗ್ಗೆ ಇಟ್ಟಲ್ಲೇ, ತುಂಬಿದ್ದು ತುಂಬಿದಂತೆಯೇ ಇತ್ತು. ಅದರ ಮರುದಿನದ್ದೂ ಹಾಗೇ. ಎರಡು ದಿನ ಆ ಜೀವ ನೀರಿನ ಮೇಲೆ ರೋಜಾ ಹಿಡಿದಿದೆ, ನನ್ನ ನಾಲಿಗೆಯ ದೆಸೆಯಿಂದ! ಅಳುತ್ತ ಅತ್ತೆಯ ಮುಂದೆ ನಿಂತೆ.

“ನನ್ನ ಮುಂದ ಅಳಬ್ಯಾಡ. ಅಲ್ಲಿ ಹೋಗು,” ಅಂದರು.

ಮೂರನೆಯ ಸಂಜೆ ಡಬ್ಬಿ ಹಿಡಿದು ಹೋಗಿ, ಬಾಗಿಲು ಬಡಿದು, ಓಡದೆ ನಿಂತೆ. ತೆರೆಯಿತು. “ತಪ್ಪಾತು ಖಾಲಾ. ಡಬ್ಬಿ ಇಡ್ತಿದ್ದಾಕಿ ನಾನ. ಹೇಳಿದಾಕಿನೂ ನಾನ.”

“ಇಡ್ತಿದ್ದಾಕಿ ನೀ ಅಂತ ಮೊದಲ್ನೇ ದಿನಾನ ಗೊತ್ತಿತ್ತು.”

ನಾನು ಕಕ್ಕಾಬಿಕ್ಕಿ. ಖಾಲಾ ನನ್ನ ಕೈಯಿಂದ ಡಬ್ಬಿ ತಗೊಂಡು ಮುಚ್ಚಳದ ಮೇಲೆ ಬೆರಳಾಡಿಸಿದರು. “ಕಣ್ಣು ಮಂಜಾದ್ರ ಬೆರಳೂ ಕುರುಡಾಗ್ತಾವೇನ? ಮರಾಠಿ ಅಕ್ಷರ ಆಗಿದ್ರ ಮ್ಯಾಲ ಉದ್ದಕ ಗೆರಿ ಇರತಿತ್ತು. ಇದಕ್ಕ ನೋಡು, ತಲಿಕಟ್ಟು. ಈ ಬಿಲ್ಡಿಂಗ್ನ್ಯಾಗ ಕನ್ನಡದ ಡಬ್ಬಿ ಮತ್ಯಾರದು?”

ಹೆಸರು ಕೊರೆಸಿದ ಡಬ್ಬಿಯಲ್ಲಿ ಗುಪ್ತ ದಾನ! ಭೂಮಿ ಬಾಯಿ ಬಿಡಬಾರದೇ ಅನಿಸಿತು. “ಮತ್ತ ಯಾಕ ತಿಂದ್ರಿ?” ಎಂದೆ.

“ನೀ ನನ್ನ ಮಾನ ಮುಚ್ಚಾಕ ಓಡಿಹೋಗ್ತಿದ್ದಿ. ನಿನ್ನ ನಿಯ್ಯತ್ ಕೆಡಬಾರ್ದಂತ ನಾನೂ ಗೊತ್ತಿಲ್ಲದಾಕಿ ಹಂಗ ಇದ್ದೆ. ಯಾರ ಮುಂದೂ ಬಾಯಿ ಬಿಡಲಿಲ್ಲ. ನಾ ಮುಚ್ಚಿಟ್ಟದ್ದನ್ನ ನೀನ ಬಿಚ್ಚಿದಿ ನೋಡವ್ವಾ.”

ಬಾಂಗ್ ಕೇಳಿಸಿತು. ಖಾಲಾ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು. “ಕೂತು ನನ್ನ ಕೂಡ ತಿಂದ್ರ ತಿಂತೇನಿ. ಇಲ್ಲಾಂದ್ರ ಒಯ್ಯಿ.” ಕೂತೆ. ಇಬ್ಬರೂ ತಿಂದೆವು.

ಅದಾದ ಮೇಲೆ ಖಾಲಾ ಇನ್ನೂ ಎಂಟು ರಂಜಾನ್ ಕಂಡರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ತೀರಿಕೊಂಡರು. ಆ ಡಬ್ಬಿ ಈಗಲೂ ನನ್ನ ಅಡುಗೆಮನೆಯಲ್ಲಿದೆ. ಆ ಎಂಟು ವರ್ಷ ಅವರಿಗಾಗಿ ನಾನು ಏನೇನು ಮಾಡಿದೆ ಎಂದು ಬರೆಯಲು ಈಗಲೂ ಕೈ ತುರಿಸುತ್ತದೆ. ಬರೆಯುವುದಿಲ್ಲ.