ಪ್ರೈಮರಿನ ಅಡಿಯ ಹಸಿರು

ಇಪ್ಪತ್ತಾರು ವರ್ಷದಿಂದ ಹಳೇ ಕಾರುಗಳಿಗೆ ಲ್ಯಾಕರ್ ಬಣ್ಣ ಹೊಡೆಯುತ್ತಿದ್ದ ಪೇಂಟರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಬೀದಿಯವರು ಕೆಂಡಣ್ಣ ಎಂದೇ ಕರೆಯುತ್ತಿದ್ದರು. ಯಾರ ಕಾರು ಬಂದರೂ ಮೊದಲು ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಅಡಿಯಲ್ಲಿ ಗೇಟು-ಕಿಟಕಿಗೆ ಬಳಿಯುವ ಎನಾಮಲ್ ಬಣ್ಣ ಇದೆಯೇ ಎಂದು ನೋಡುತ್ತಿದ್ದ. ಎನಾಮಲ್ ಮೇಲೆ ಲ್ಯಾಕರ್ ಬಿದ್ದರೆ ಬಣ್ಣವೆಲ್ಲ ಸುಕ್ಕುಗಟ್ಟಿ ಏಳುತ್ತದೆ.

ಹೆಂಡತಿಯ ಅಣ್ಣ ತನ್ನ ತಾತನ ಕಾರಿಗೆ ತಾನೇ ಪ್ರೈಮರ್ ಎಂಬ ತಳಬಣ್ಣ ಬಳಿದು ತಂದಾಗಲೂ ಕೆಂಡಣ್ಣ ಬಟ್ಟೆ ಎತ್ತಿಕೊಂಡ.

“ನನ್ ಮಾತಿನ ಮೇಲೆ ನಂಬಿಕೆ ಇಲ್ವೇನಯ್ಯಾ? ಎನಾಮಲ್ಲೂ ಇಲ್ಲ, ಗಿನಾಮಲ್ಲೂ ಇಲ್ಲ. ಹೊಡಿ!” ಎಂದು ಭಾವ ಗುಡುಗಿದ.

ಮನೆಯಲ್ಲಿ ರಂಪ ಬೇಡವೆಂದು ಕೆಂಡಣ್ಣ ಬಟ್ಟೆ ಕೆಳಗಿಟ್ಟು, ಹಲ್ಲು ಕಚ್ಚಿಕೊಂಡು ಲ್ಯಾಕರ್ ಹೊಡೆದ. ಎರಡನೇ ಕೋಟ್ ಬೀಳುತ್ತಲೇ ಬಾನೆಟ್ಟು ಒಣಮೆಣಸಿನಕಾಯಿಯ ಹಾಗೆ ಸುಕ್ಕಾಯಿತು.

“ಇದೇನಾ ನಿನ್ ಕೈಚಳಕ? ನಾಳೆಯಿಂದ ಒಂದು ಕಾರೂ ಈ ಶೆಡ್ಡಿಗೆ ಬರದ ಹಾಗೆ ಮಾಡ್ತೀನಿ!” ಎಂದು ಭಾವ ಕೂಗಾಡಿದ.

ಕೆಂಡಣ್ಣ ಪುಟ್ಟಿ ಮೆತ್ತುವ ತಗಡಿನ ಪಟ್ಟಿಯಿಂದ ಸುಕ್ಕನ್ನು ಕೆರೆದ. ಅಡಿಯಲ್ಲಿ ಕಂಡದ್ದು ಭಾವನ ಮನೆ ಗೇಟಿನದೇ ಗಿಣಿಹಸಿರು ಎನಾಮಲ್. ಅದರಲ್ಲಿ ಬ್ರಷ್ಷಿನ ಕೂದಲೂ ಅಂಟಿತ್ತು.

“ಗೇಟಿಗೆ ಬಳಿದು ಮಿಕ್ಕಿದ್ದು ಅಲ್ವಾ ಭಾವ? ಹೇಳಿ, ಊರಿಗೆಲ್ಲ ಹೇಳಿ!”

ಹೊರಟುಬಿಡಲು ಭಾವ ಕಾರಿನ ಕೀಲಿಕೈಗೆ ಕೈಹಾಕಿದ. ಕೆಂಡಣ್ಣ ಅದನ್ನು ಕಿತ್ತುಕೊಂಡು, ಎಮರಿ ಪೇಪರನ್ನು ಅವನ ಎದೆಗೆ ಒತ್ತಿದ.

“ತಗಡು ಕಾಣೋ ತನಕ ನೀವೇ ಉಜ್ಜಿ. ಆಮೇಲೆ ಹೊಡೀತೀನಿ.”